ಧೂಳು ಅಳೆಯುವ ಯಂತ್ರಕ್ಕೆ ಟಿಕೆಟ್

ಗುರುವಾರ ಬೆಳಿಗ್ಗೆ ಏಳೂವರೆಯ ಗಂಗಾವತಿ ಬಸ್ಸನ್ನು ಕೊಪ್ಪಳದಲ್ಲಿ ಹತ್ತಿದೆವು. ನಾನು ಮತ್ತು ಶಾಹೀನ, ಇಬ್ಬರೇ. ನಾನು ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಹೀನ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿ, ಈಗ ಪಿಎಚ್.ಡಿ. ಮಾಡುತ್ತಿದ್ದಾಳೆ. ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಶಾಲು, ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ. ಅವಳ ಚೀಲದಲ್ಲಿ ಲ್ಯಾಪ್‌ಟಾಪು ಮತ್ತು ಅವಳ ಅಮ್ಮಿ ಕಟ್ಟಿಕೊಟ್ಟ ಖಾರದ ಶಂಕರಪೋಳಿ. ಕಾರ್ತಿಕ ಮುಗಿದು ಚಳಿ ಹಿಡಿದಿತ್ತು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ಪುಕ್ಕಟೆಯದಾದರೂ ನಾನು ಟಿಕೆಟ್ಟನ್ನು ಇಳಿಯುವ ತನಕ ಪರ್ಸಿನ ಒಳಜೇಬಿನಲ್ಲಿ ಜೋಪಾನ ಮಾಡುತ್ತೇನೆ. ಹಳೆಯ ರೂಢಿ.

ಎಲ್ಲಿಗೆ, ಯಾಕೆ ಹೊರಟೆವು ಎಂಬುದನ್ನು ಮೊದಲು ಹೇಳಬೇಕು. ಶಾಹೀನಳ ಮನೆ ಭಾಗ್ಯನಗರದಲ್ಲಿ. ಕೊಪ್ಪಳಕ್ಕೆ ಅಂಟಿಕೊಂಡ ಆ ಊರಿನಲ್ಲಿ ಕೂದಲಿನ ಕಸುಬು ನಡೆಯುತ್ತದೆ. ಬಾಚಣಿಕೆಗೆ ಸಿಕ್ಕಿ ಉದುರಿದ ಕೂದಲು ಊರೂರಿನಿಂದ ಗಂಟುಗಂಟಾಗಿ ಬರುತ್ತದೆ; ಹೆಣ್ಣುಮಕ್ಕಳು ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಬಿಡಿಸುವಾಗ ಧೂಳು ಏಳುತ್ತದೆ. ಶಾಹೀನ ಶಾಲೆಯಲ್ಲಿದ್ದಾಗ ಒಂದು ದಿನ ನನ್ನನ್ನು ಕೇಳಿದ್ದಳು: “ಅಕ್ಕೋರ, ನಮ್ಮ ಅಮ್ಮಿ ಮೂಗಿಗೆ ದುಪಟ್ಟಾ ಕಟಗೊಂಡು ಕೂದಲ ಬಿಡಸ್ತಾಳ. ಆ ಧೂಳಿನ್ಯಾಗ ಏನಿರತೈತ್ರಿ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಅದೇ ಪ್ರಶ್ನೆಯನ್ನು ಅವಳು ಇಷ್ಟು ವರ್ಷ ಹೊತ್ತುಕೊಂಡು ವಿಶ್ವವಿದ್ಯಾಲಯದ ತನಕ ಹೋದಳು. ಧೂಳಿನಲ್ಲಿ ಏನಿದೆ, ಎಷ್ಟಿದೆ, ಅದು ಉಸಿರಿಗೆ ಏನು ಮಾಡುತ್ತದೆ ಎನ್ನುವುದು ಅವಳ ಓದಿನ ಒಂದು ಪಾಲು. ಯಾವ ಮನೆಯಲ್ಲಿ ಯಾರು ಎಷ್ಟು ಹೊತ್ತು ಕೂರುತ್ತಾರೆ, ಕಿಟಕಿ ಯಾಕೆ ಮುಚ್ಚುತ್ತಾರೆ, ಬಂದ ಕೂಲಿ ಯಾರ ಕೈಗೆ ಹೋಗುತ್ತದೆ ಎನ್ನುವುದು ಇನ್ನೊಂದು ಪಾಲು.

ತೊಡಕಾದದ್ದೂ ಅಲ್ಲೇ. ವಿಜ್ಞಾನಕ್ಕೆ ಧನಸಹಾಯ ಕೊಡುವವರು ಅರ್ಜಿ ನೋಡಿ, ಇದು ಸಮಾಜಶಾಸ್ತ್ರ, ಆ ಕಡೆ ಹೋಗಿ ಎಂದರು. ಆ ಕಡೆಯವರು, ಇದರಲ್ಲಿ ಯಂತ್ರ, ಪ್ರಯೋಗಾಲಯ ಎಲ್ಲ ಇದೆಯಲ್ಲ, ವಿಜ್ಞಾನದವರ ಬಳಿ ಹೋಗಿ ಎಂದರು. ಕಡೆಗೆ ಬೆಂಗಳೂರಿನ ಒಂದು ಪ್ರತಿಷ್ಠಾನ ಒಪ್ಪಿತು. ಆದರೆ ಖರ್ಚಿನಲ್ಲಿ ಕಾಲು ಭಾಗ ನಮ್ಮ ಜಿಲ್ಲೆಯೊಳಗಿಂದಲೇ ಬರಬೇಕು, ಅದನ್ನು ಸೋಮವಾರದೊಳಗೆ ತಿಳಿಸಬೇಕು ಎಂಬ ಷರತ್ತು. ಹೊಸಪೇಟೆಯ ಒಂದು ಖಾಸಗಿ ಶಾಲೆಯವರು ಶಾಹೀನಳನ್ನು ಕೆಲಸಕ್ಕೆ ಕರೆದಿದ್ದರು. ಅವರಿಗೂ ಸೋಮವಾರವೇ ಉತ್ತರ ಬೇಕಿತ್ತು. ಹಣ ಕೂಡದಿದ್ದರೆ ಅವಳು ಆ ಕೆಲಸಕ್ಕೆ ಹೋಗುವವಳು, ಅರ್ಧ ಆದ ಅಧ್ಯಯನ ಅಲ್ಲಿಗೇ ನಿಲ್ಲುವುದು. ಕೂದಲು ವ್ಯಾಪಾರಿಗಳು ಕೇಳಿದ್ದರೆ ಕೊಡುತ್ತಿದ್ದರೇನೋ. ಶಾಹೀನ ಕೇಳಲು ಒಪ್ಪಲಿಲ್ಲ. ಅವರ ಧೂಳನ್ನು ಅವರ ರೊಕ್ಕದಲ್ಲೇ ಅಳೆದರೆ ನಾಳೆ ಯಾರು ನಂಬುತ್ತಾರೆ ಎಂದಳು. ಅದು ನನಗೂ ಸರಿಯೆನಿಸಿತು.

ಹಾಗಾಗಿ ನಾನು ನಮ್ಮ ಕಡೆಯವರೆಲ್ಲ ಮಾಡುವುದನ್ನೇ ಮಾಡಿದೆ. ಪರಿಚಯದವರು ಯಾರ್‍ಯಾರು ಇದ್ದಾರೆ ಎಂದು ಕೂತು ಯೋಚಿಸಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ರಾಮಾರಾವ್. ಅವರ ಮಗಳು ಕೊಪ್ಪಳದಲ್ಲಿ ಪರೀಕ್ಷೆ ಬರೆಯುವಾಗ ನಮ್ಮ ಮನೆಯಲ್ಲೇ ಇದ್ದಳು. ಕುಷ್ಟಗಿಯಲ್ಲಿ ಡಾಕ್ಟರ್ ಮಂಜುಳಾ, ನಮ್ಮ ಮನೆಯವರ ಸೋದರತ್ತೆಯ ಮಗಳು. ಯಲಬುರ್ಗಾದಲ್ಲಿ ನನಗೆ ಕಾಲೇಜಿನಲ್ಲಿ ಕಲಿಸಿದ ಸಂಗಪ್ಪ ಮಾಸ್ತರರು. ಈಗ ಅಲ್ಲಿಯ ಒಂದು ಪತ್ತಿನ ಸಹಕಾರಿ ಸಂಘದ ಅಧ್ಯಕ್ಷರು. ರಜೆ ಬರೆದುಕೊಟ್ಟು ಹೊರಟೆ. ಹಿರಿಯರೊಬ್ಬರು ಜೊತೆಗಿದ್ದು ಮಾತಾಡಿದರೆ ಕೆಲಸ ಸಲೀಸು ಎಂಬ ನಂಬಿಕೆ ನನ್ನದು. ಶಾಹೀನಳಿಗೂ ಅದೇ ಹೇಳಿದ್ದೆ: ಮಾತು ನನಗೆ ಬಿಡು.

ಹೇಮಗುಡ್ಡ ದಾಟುವಾಗ ಬಿಸಿಲು ಬಂಡೆಗಳ ಮೇಲೆ ಬಿದ್ದಿತ್ತು. ಬಸ್ಸಿನಲ್ಲಿದ್ದವರು ಗುಡಿಯ ಕಡೆ ತಿರುಗಿ ಕೈ ಮುಗಿದರು, ನಾನೂ ಮುಗಿದೆ. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಕಾಲುವೆಯ ನೀರು, ಕೊಯ್ಲಿಗೆ ಬಂದ ಭತ್ತ, ರಸ್ತೆಯ ಅರ್ಧಕ್ಕೆ ಹರವಿದ ಕಾಳು. ಬಸ್ಸು ಕಾಳಿನ ಮಗ್ಗುಲಿನಿಂದ ನಾಜೂಕಾಗಿ ಸರಿದು ಹೋಗುತ್ತಿತ್ತು. ಗಂಗಾವತಿ ನಿಲ್ದಾಣದಿಂದ ಗಿರಣಿಗೆ ಆಟೋದವ ಎಂಬತ್ತು ಕೇಳಿ ಅರವತ್ತಕ್ಕೆ ಬಂದ.

ಗಿರಣಿಯ ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಬೇಯಿಸಿದ ಭತ್ತದ ವಾಸನೆ ಬಾಗಿಲಿಗೇ ಎದುರಾಯಿತು. ರಾಮಾರಾವ್ ಅವರ ಅಜ್ಜ ಆಂಧ್ರದ ಕಡೆಯಿಂದ ಬಂದು ಇಲ್ಲಿಯ ವಲಸೆಗಾರರ ಕ್ಯಾಂಪಿನಲ್ಲಿ ನೆಲೆ ನಿಂತವರು. ಅವರ ಕನ್ನಡದಲ್ಲಿ ಈಗಲೂ ತೆಲುಗು ಇಣುಕುತ್ತದೆ. ಕೆಲಸದ ಗಡಿಬಿಡಿಯಲ್ಲೂ ನಮ್ಮನ್ನು ಕೂಡಿಸಿ, ಗಿರಣಿಯ ಹಿಂದೆಯೇ ಇದ್ದ ಮನೆಯಿಂದ ಪೆಸರಟ್ಟು ಎನ್ನುವ ಹೆಸರುಕಾಳಿನ ದೋಸೆ ತರಿಸಿದರು. ಶುಂಠಿ ಚಟ್ನಿ, ಬಿಸಿಬಿಸಿ, ಅಂಚಿನಲ್ಲಿ ಗರಿಗರಿ. ಎರಡನೆಯದು ಬಂದಾಗ ನಾನು “ಬ್ಯಾಡ್ರಿ, ಆಗೈತಿ” ಎಂದೆ. ತಟ್ಟೆ ಹಿಂದಕ್ಕೆ ಹೋಯಿತು. ಹೋದದ್ದು ಮತ್ತೆ ಬರಲಿಲ್ಲ. ಶಾಹೀನ ತಲೆ ತಗ್ಗಿಸಿ ನಕ್ಕಳು.

ಧೂಳಿನ ವಿಷಯವನ್ನು ರಾವ್ ಗಮನವಿಟ್ಟು ಕೇಳಿದರು. ತಮ್ಮ ಗಿರಣಿಯಲ್ಲೂ ಧೂಳಿನ ಕಾಟ ಇದ್ದದ್ದರಿಂದ ಶಾಹೀನಳಿಗೆ ಎರಡು ಪ್ರಶ್ನೆಯನ್ನೂ ಹಾಕಿದರು. ಹಣದ ಮಾತು ಬಂದಾಗ ಮಾತ್ರ, ಈ ಹಂಗಾಮಿನಲ್ಲಿ ಇದ್ದಬದ್ದದ್ದೆಲ್ಲ ಭತ್ತದ ಮೇಲೆ ಹಾಕಿದ್ದೇನೆ, ಗುಡಿಗೂ ಕಲ್ಯಾಣ ಮಂಟಪಕ್ಕೂ ಮೊದಲೇ ಮಾತು ಕೊಟ್ಟಾಗಿದೆ ಎಂದು ಕೈ ಚೆಲ್ಲಿದರು. ಆಮೇಲೆ ಕಪಾಟಿನ ಕಡೆ ಬೆರಳು ತೋರಿಸಿದರು. ಹೊಲಿಗೆ ಯಂತ್ರದ ತಲೆಯಷ್ಟು ದೊಡ್ಡದೊಂದು ಯಂತ್ರ ಅಲ್ಲಿತ್ತು. ಗಾಳಿಯಲ್ಲಿಯ ಧೂಳು ಅಳೆಯುವಂಥದ್ದು. ಮಾಲಿನ್ಯ ತಪಾಸಣೆಯವರು ಕೇಳುತ್ತಾರೆಂದು ತರಿಸಿದ್ದಂತೆ. ಆಗೊಮ್ಮೆ ಈಗೊಮ್ಮೆ ಬಿಟ್ಟರೆ ಅದಕ್ಕೆ ಕೆಲಸವಿಲ್ಲ.

“ಆರು ತಿಂಗಳು ಒಯ್ಯಿರಿ ಮೇಡಂಗಾರು,” ಎಂದರು. “ರೊಕ್ಕ ಇಲ್ಲ. ಇದು ಐತಿ.”

ನಾನು ಯೋಚಿಸಿದ್ದು ಹೀಗೆ: ಯಂತ್ರ ತೆಗೆದುಕೊಂಡರೆ ಅವರ ಋಣ ಅಲ್ಲಿಗೇ ತೀರುತ್ತದೆ, ಮುಂದೆ ಹಣದ ಮಾತೆತ್ತಲು ಬಾಯಿ ಬರುವುದಿಲ್ಲ. ಮೇಲಾಗಿ ಬೇರೆಯವರ ಸಾಮಾನು, ಎಲ್ಲಾದರೂ ಬಿದ್ದು ಒಡೆದರೆ? “ಬ್ಯಾಡ್ರಿ, ನಿಮಗ ಯಾಕ ತ್ರಾಸ,” ಎಂದೆ. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ನಮಸ್ಕಾರ ಅಂದ ಹಾಗೆ. ಎರಡನೆಯ ಸಲ ಬೇಡ ಅನ್ನುವುದು ಮರ್ಯಾದೆ. ಮೂರನೆಯ ಸಲ ಅವರು ಒತ್ತಾಯ ಮಾಡಿದಾಗ, ಇರಲಿ ಬಿಡ್ರಿ ಎಂದು ತೆಗೆದುಕೊಳ್ಳುತ್ತೇವೆ. ರಾವ್ ಒಂದನೆಯದಕ್ಕೇ ತಲೆಯಾಡಿಸಿ, ನಿಮ್ಮಿಷ್ಟ ಎಂದು ಲಾರಿಯ ಕಡೆ ಎದ್ದು ಹೋದರು.

ಕುಷ್ಟಗಿ ಬಸ್ಸಿನಲ್ಲಿ ಕನಕಗಿರಿ ಬರುವ ತನಕ ಶಾಹೀನ ಮೊಬೈಲಿನಲ್ಲಿ ಖರ್ಚಿನ ಪಟ್ಟಿ ನೋಡುತ್ತಿದ್ದಳು. ಆಮೇಲೆ ಮೆತ್ತಗೆ, “ಅಕ್ಕೋರ, ಆ ಮಷಿನ್ ಭಾಳ ಛಲೋ ಇತ್ರಿ,” ಎಂದಳು. ಮೊದಲ ಹಂಗಾಮಿನಲ್ಲಿ ಎರವಲು ತಂದು ಅಳೆದ ಯಂತ್ರವನ್ನು ಅದರ ಒಡೆಯರು ವಾಪಸ್ಸು ಒಯ್ದಿದ್ದರು. ಅವಳ ಅಂದಾಜು ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಎಂದರೆ ಇಂಥದೊಂದರ ಬಾಡಿಗೆ. ನಾನು, ರೊಕ್ಕ ಸಿಕ್ಕರೆ ಬಾಡಿಗೆಗೆ ತಂದರಾಯಿತು ಎಂದೆ. “ನಾ ನಿಮ್ಮ ಸೆರಗ ಜಗ್ಗಿದ್ನೆರಿ,” ಎಂದಳು. ಜಗ್ಗಿದ್ದು ನನಗೂ ಗೊತ್ತಿತ್ತು. ಕುರ್ಚಿಗೆ ಸಿಕ್ಕಿರಬೇಕು ಎಂದು ಬಿಡಿಸಿಕೊಂಡಿದ್ದೆ.

ತಾವರಗೇರಾದಲ್ಲಿ ಹತ್ತಿದ ಒಬ್ಬ ಅಜ್ಜಿ ನಮ್ಮ ಪಕ್ಕ ಕೂತು ಊರು ಕೇರಿ ವಿಚಾರಿಸಿದಳು. ಗಂಗಾವತಿ ಆಯಿತು, ಈಗ ಕುಷ್ಟಗಿ, ನಾಳೆ ಯಲಬುರ್ಗಾ ಎಂದು ಹೇಳಿದೆ. ಅಜ್ಜಿ ನಮ್ಮಿಬ್ಬರನ್ನೂ ಒಂದು ಸಲ ನೋಡಿ, “ಯಾರ ಲಗ್ನದ ಕಾರ್ಡ ಹಂಚಾಕ ಹೊಂಟೀರಿ ಯವ್ವಾ?” ಎಂದು ಕೇಳಿದಳು. ಧೂಳಿನ ಅಧ್ಯಯನ ಎಂದು ಶಾಹೀನ ವಿವರಿಸಿದಳು. ಅಜ್ಜಿ ಸಾವಧಾನವಾಗಿ ಕೇಳಿ, “ಧೂಳ ಬೇಕಂದ್ರ ನಮ್ಮೂರಿಗೆ ಬರ್ರಿ. ಪುಕ್ಕಟ ಐತಿ,” ಎಂದಳು. ಸೀಟಿನ ಸುತ್ತ ಇದ್ದವರೆಲ್ಲ ನಕ್ಕರು. ಶಾಹೀನಳೂ ಅವತ್ತು ಮೊದಲ ಸಲ ಬಾಯಿ ತುಂಬ ನಕ್ಕಳು.

ಮಧ್ಯಾಹ್ನ ಎರಡರ ಸುಮಾರಿಗೆ ಕುಷ್ಟಗಿ. ಮಂಜುಳಾಳ ದವಾಖಾನೆ ಕೆಳಗೆ, ಮನೆ ಮೇಲೆ. ಮೆಟ್ಟಿಲ ಮೇಲೆಲ್ಲ ಸಿಮೆಂಟಿನ ಚೀಲ. ಮಹಡಿಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಅದನ್ನು ಕಂಡೇ ನನಗೆ ಅರ್ಧ ಉತ್ತರ ಸಿಕ್ಕಿತು. ಊಟಕ್ಕೆ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಸಂಜೆ ರೋಗಿಗಳು ಬರುವ ಮುನ್ನ ಮಾತು ತೆಗೆದೆ. ಕಟ್ಟಡದ ಸಾಲ ಇರುವುದರಿಂದ ಈ ವರ್ಷ ರೊಕ್ಕ ಕೊಡಲಾಗುವುದಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ಶಾಹೀನಳ ಕಡೆ ತಿರುಗಿ, ಉಸಿರಿನ ಬಲ ನೋಡಲು ಊದಿಸುವ ಯಂತ್ರ ನನ್ನ ಹತ್ತಿರ ಇದೆ, ಮಂಗಳವಾರ ಇಲ್ಲಿ ರೋಗಿಗಳು ಕಡಿಮೆ, ಯಂತ್ರದ ಜೊತೆ ನನ್ನ ನರ್ಸನ್ನೂ ಭಾಗ್ಯನಗರಕ್ಕೆ ಕಳಿಸುತ್ತೇನೆ ಎಂದಳು.

“ಬ್ಯಾಡ ಮಂಜುಳಾ, ನಿಮ್ಮ ದವಾಖಾನಿ ಕೆಲಸ ಕೆಡತೈತಿ,” ಎಂದೆ. ಏನೂ ಕೆಡುವುದಿಲ್ಲ ಎಂದು ಅವಳು ಮತ್ತೆ ಅಂದಳು. ಅತ್ತೆಯ ಮನೆಯ ಕಡೆಯವರು. ನಾಳೆ ಯಾವುದಾದರೂ ಸಮಾರಂಭದಲ್ಲಿ ಈ ಮಾತು ಬಂದೀತು ಎಂಬ ಅಳುಕಿನಿಂದ ನಾನೂ ಮತ್ತೊಮ್ಮೆ ಬೇಡ ಎಂದೆ. ಅಷ್ಟರಲ್ಲಿ ಕೆಳಗಿನಿಂದ ಕಂಪೌಂಡರು ಕೂಗಿದ. ಮಗುವೊಂದಕ್ಕೆ ಜ್ವರ ಏರಿತ್ತು. ಮಂಜುಳಾ ಇಳಿದು ಹೋದವಳು ಮರಳಿ ಬಂದಾಗ ರಾತ್ರಿಯ ಊಟದ ಹೊತ್ತು, ಮಾತು ಬೇರೆ ಕಡೆಗೆ ಹೋಯಿತು. ಶಾಹೀನ ಈ ಸಲ ಸೆರಗು ಜಗ್ಗಲಿಲ್ಲ. ಲ್ಯಾಪ್‌ಟಾಪು ತೆರೆದು ಹೊಸಪೇಟೆಯ ಶಾಲೆಯವರ ಕರೆಪತ್ರವನ್ನು ಇನ್ನೊಮ್ಮೆ ಓದುತ್ತ ಕೂತಿದ್ದಳು.

ಶುಕ್ರವಾರ ಬೆಳಿಗ್ಗೆ ಯಲಬುರ್ಗಾಕ್ಕೆ ಹೊರಟೆವು. ಒಂದು ತಾಸಿನ ದಾರಿ. ಎರಡೂ ಬದಿ ಎರೆಹೊಲ, ಮೊಣಕಾಲಿಗೂ ಬರದ ಕಡಲೆ, ನಡುನಡುವೆ ಬಿಳಿಜೋಳ. ಕಡಲೆಯ ಎಲೆಯ ಮೇಲಿನ ಇಬ್ಬನಿ ಹುಳಿಯಾಗಿರುತ್ತದೆ, ಚಿಕ್ಕವರಿದ್ದಾಗ ಬೆರಳಿಗೆ ಹಚ್ಚಿ ನೆಕ್ಕುತ್ತಿದ್ದೆವು ಎಂದೆ. ಶಾಹೀನ ಹೂಂ ಎಂದಳು. ಬೇರೆ ದಿನವಾಗಿದ್ದರೆ ಅದು ಯಾವ ಆಮ್ಲ ಎಂದು ನನಗೇ ಪಾಠ ಹೇಳುತ್ತಿದ್ದಳು.

ಸಂಗಪ್ಪ ಮಾಸ್ತರರ ಮನೆ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು. ನಾನು ಕಾಲೇಜಿನಲ್ಲಿ ಒಡೆದ ಗಾಜಿನ ಬೀಕರನ್ನೂ ನೆನಪಿಟ್ಟಿದ್ದರು. ಚಹಾ ಆಯಿತು. ನಮ್ಮ ಕಥೆಯನ್ನು ಪೂರ್ತಿ ಕೇಳಿ, ಸಂಘದ ನಿಯಮದಲ್ಲಿ ಸದಸ್ಯರ ಮಕ್ಕಳಿಗೆ ಬಹುಮಾನ ಕೊಡುವುದು ಬಿಟ್ಟರೆ ಬೇರೆಯದಕ್ಕೆ ದಾರಿಯಿಲ್ಲ, ನಾನು ಅಧ್ಯಕ್ಷನಾಗಿದ್ದರೂ ನಿಯಮ ಮುರಿಯಲಾರೆ ಎಂದರು. ಅಲ್ಲಿಗೆ ಮೂರೂ ಮನೆ ಮುಗಿದವು. ಶಾಹೀನ ಅಂಗಳದ ಕಡೆ ನೋಡುತ್ತ, “ಇರಲಿ ಬಿಡ್ರಿ ಅಕ್ಕೋರ. ಹೊಸಪ್ಯಾಟಿಯವರಿಗೆ ಇವತ್ತ ಹೂಂ ಅಂತ ತಿಳಸ್ತೀನಿ. ನೀವ್ ಭಾಳ ತಿರಗಿದ್ರಿ ನನ್ನ ಸಲುವಾಗಿ,” ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮಾಸ್ತರರು ಹುಣಸೆಬೀಜದ ಮೊರ ಬದಿಗಿಟ್ಟು ಕೇಳಿದರು: “ಎಲ್ಲಾರನೂ ಕೇಳೀರಿ. ಕೊಡಾವ್ರನ್ನ ಕೇಳೀರೇನು?”

ಕೊಡುವವರು ಯಾರು ಎಂದು ನಾನು ಕೇಳಿದೆ.

“ಅದಽ, ಬೆಂಗಳೂರಿನವ್ರು. ಷರತ್ ಹಾಕಿದವ್ರು ಅವರು. ರೊಕ್ಕಾನಽ ಬೇಕೋ, ಮತ್ತೇನಾದ್ರೂ ನಡೀತೈತೋ, ಅವರನ್ನ ಕೇಳಬೇಕಲ್ಲ?”

ಕೇಳಿರಲಿಲ್ಲ. ಅವರ ನಂಬರು ಶಾಹೀನಳ ಬಳಿ ಮೊದಲಿನಿಂದಲೂ ಇತ್ತು. ಅಷ್ಟು ದೊಡ್ಡ ಕಚೇರಿಗೆ ನೇರ ಫೋನು ಮಾಡುವುದು ಹೇಗೆ, ಅಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲವಲ್ಲ ಎಂದು ಅವಳು ಅಂದಾಗ, ನಾನೂ ಹೌದೆಂದಿದ್ದೆ. ಆ ಕಚೇರಿಯಲ್ಲಿ ಯಾರಾದರೂ ಗೊತ್ತಿದ್ದಾರೇನು ಎಂದು ಮಂಜುಳಾಳನ್ನೂ ವಿಚಾರಿಸಿದ್ದೆ. ಮಾಸ್ತರರು ತಮ್ಮ ಕನ್ನಡಕ ಹಾಕಿಕೊಂಡು, “ಪರಿಚಯ ಆಗಬೇಕಂದ್ರ ಮೊದಲ ಫೋನ್ ಹಚ್ಚಬೇಕವಾ,” ಎಂದರು.

ಶಾಹೀನ ಹಚ್ಚಿದಳು. ಸ್ಪೀಕರ್ ಹಾಕು ಎಂದು ಮಾಸ್ತರರು ಸನ್ನೆ ಮಾಡಿದರು. ಮೂರು ಸಲ ಬೇರೆ ಬೇರೆ ಕೈಗೆ ಹೋಗಿ ಕಡೆಗೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಶಾಹೀನ ಇಂಗ್ಲಿಷಿನಲ್ಲಿ ಶುರು ಮಾಡಿದರೂ ಆಕೆ ಕನ್ನಡದಲ್ಲೇ ಉತ್ತರಿಸಿದಳು. ಕಾಲು ಭಾಗ ಹಣವಾಗಿಯೇ ಬರಬೇಕೆಂದಿಲ್ಲ. ಯಂತ್ರ, ಕೋಣೆ, ಸಿಬ್ಬಂದಿಯ ದುಡಿಮೆ ಏನಾದರೂ ಆಗುತ್ತದೆ, ಅದಕ್ಕೆ ಬಾಡಿಗೆ ಎಷ್ಟಾಗುತ್ತಿತ್ತೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ, ಕೊಡುವವರು ಒಪ್ಪಿಗೆ ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು ಎಂದಳು. ಎರಡು ಶಾಸ್ತ್ರಗಳ ನಡುವೆ ಸಿಕ್ಕಿಬಿದ್ದ ಅರ್ಜಿಗಳಿಗಾಗಿಯೇ ಈ ನಿಧಿ ಇಟ್ಟಿರುವುದು ಎಂದೂ ಹೇಳಿದಳು. ಕಡೆಯಲ್ಲಿ, “ಮೊದಲೇ ಫೋನ್ ಮಾಡಬಹುದಿತ್ತಲ್ಲ? ನಾವು ಇರೋದೇ ಅದಕ್ಕೆ,” ಎಂದು ನಕ್ಕಳು.

ಫೋನಿಟ್ಟ ಮೇಲೆ ಶಾಹೀನ ನನ್ನ ಮುಖ ನೋಡಿದಳು. ನಾನು ಮಾಸ್ತರರ ಮುಖ ನೋಡಿದೆ. ನಿನ್ನೆ ಒಂದೇ ದಿನದಲ್ಲಿ ಎರಡು ಕಡೆ ಬೇಡ ಎಂದು ಬಂದದ್ದನ್ನು ಹೇಳದೆ ವಿಧಿಯಿರಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿದ್ದ ಅವರ ಹೆಂಡತಿ ಏನಾಯಿತೆಂದು ಹೊರಗೆ ಬಂದರು. “ಸುಮಂಗಲಾ ಕೊಡಾಕ ಬಂದವರ ಕೈನೂ ಹಿಂದ ಸರಿಸಿ ಬಂದಾಳ ನೋಡು,” ಎಂದು ಮಾಸ್ತರರು ನನ್ನ ಕಡೆ ಕೈ ತೋರಿಸಿ ಅವರಿಗೂ ಹೇಳಿದರು. ಆಮೇಲೆ ಮೂವರೂ ಕೂತು ಲೆಕ್ಕ ಹಾಕಿದೆವು. ಊದಿಸುವ ಯಂತ್ರ, ನರ್ಸಿನ ದುಡಿಮೆ, ಧೂಳಿನ ಯಂತ್ರ ಮೂರೂ ಸೇರಿದರೆ ಕಾಲು ಭಾಗ ದಾಟುತ್ತಿತ್ತು. ಧೂಳಿನ ಯಂತ್ರ ಬಿಟ್ಟರೆ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಮಾಸ್ತರರ ಹೆಂಡತಿ ಮಂಡಕ್ಕಿಯ ಒಗ್ಗರಣೆ ಮತ್ತು ಮಿರ್ಚಿ ತಂದಿಟ್ಟರು. ರಾವ್ ಅವರಿಗೆ ಫೋನು ಹಚ್ಚಿದೆವು, ಎತ್ತಲಿಲ್ಲ. ತಿಂದು ಮುಗಿಸಿ ಮತ್ತೆ ಹಚ್ಚಿದೆವು, ಆಗಲೂ ಇಲ್ಲ. ಸುಗ್ಗಿಯ ದಿನ, ಗಿರಣಿಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದೆ. ಯಲಬುರ್ಗಾದಿಂದ ಕುಕನೂರಿನ ಮೇಲೆ ಹಾಯ್ದು ಸೀದಾ ಕೊಪ್ಪಳಕ್ಕೆ ಹೋಗುವ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಅದನ್ನು ಬಿಟ್ಟು, ಬಂದ ದಾರಿಯಲ್ಲೇ ಕುಷ್ಟಗಿಗೆ ತಿರುಗಿದೆವು. ಬೇಡ ಎಂದು ಎದುರಿಗೆ ಹೇಳಿದ್ದನ್ನು ಬೇಕು ಎಂದು ಫೋನಿನಲ್ಲಿ ಹೇಳುವುದು ನನಗೆ ಸರಿಕಾಣಲಿಲ್ಲ.

ಅದೇ ಕಡಲೆ ಹೊಲ, ಅದೇ ರಸ್ತೆ. ಈಗ ಶಾಹೀನಳೇ ಮಾತು ತೆಗೆದು ಎಲೆಯ ಮೇಲಿನ ಹುಳಿ ಯಾವುದರಿಂದ ಬರುತ್ತದೆ ಎಂದು ಹೇಳತೊಡಗಿದಳು. ಮಧ್ಯೆ ಮಧ್ಯೆ ಫೋನು ನೋಡಿಕೊಳ್ಳುತ್ತಿದ್ದಳು.

ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತದ್ದೇ ಮಂಜುಳಾ, ಏನಾದರೂ ಮರೆತು ಹೋದಿರೇನು ಎಂದು ಕೇಳಿದಳು. “ಹೌದು, ನಿನ್ನ ಮಷಿನ್ ಮರತ ಹೋಗಿದ್ವಿ,” ಎಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, “ಎರಡ ಸಲ ಕೇಳಿದ್ನೆ ವೈನಿ. ಮೂರನೇ ಸಲ ಕೇಳೂದ್ರಾಗ ಪೇಶಂಟ್ ಬಂತು. ಇನ್ ಮ್ಯಾಲ ನಿಮ್ಮನ್ನ ಕೇಳಂಗಿಲ್ಲ, ಚೀಲದಾಗ ಹಾಕಿ ಕಳಸ್ತೀನಿ,” ಎಂದಳು. ದವಾಖಾನೆಯ ಕಾಗದದ ಮೇಲೆ ಒಪ್ಪಿಗೆ ಬರೆದು ಸೀಲು ಒತ್ತಿದಳು. ನರ್ಸಮ್ಮನನ್ನು ಕರೆದು ಶಾಹೀನಳ ಪರಿಚಯ ಮಾಡಿಸಿದಳು. ಭಾಗ್ಯನಗರದ ಕೈಮಗ್ಗದ ಸೀರೆ ನೋಡಿಕೊಂಡು ಬರಬಹುದಲ್ಲ ಎಂದು ನರ್ಸಮ್ಮನಿಗೂ ಖುಷಿ. ರಾವ್ ಅವರ ಫೋನು ಮಾತ್ರ ಅವತ್ತು ಹತ್ತಲೇ ಇಲ್ಲ.

ಶನಿವಾರ ಮೊದಲ ಬಸ್ಸಿಗೇ ಗಂಗಾವತಿಗೆ ಹೊರಟೆವು. ತಾವರಗೇರಾದ ಹತ್ತಿರ ಮಂಜು ಕವಿದಿತ್ತು. ಕನಕಗಿರಿಯಲ್ಲಿ ಬಿಸಿಲು ಬಂತು. ಶಾಹೀನ ತಿಂಡಿಗೂ ಇಳಿಯಲಿಲ್ಲ. ನನ್ನ ರೊಟ್ಟಿ ಒಣಗಿ ಹಪ್ಪಳವಾಗಿದ್ದವು, ಅವನ್ನೇ ಹಿಂಡಿಗೆ ಹಚ್ಚಿ ತಿಂದೆ. ಗಿರಣಿ ತಲುಪಿದಾಗ ಒಂಬತ್ತೂವರೆ. ರಾವ್ ಇರಲಿಲ್ಲ, ಗುಮಾಸ್ತರು ಕೂಡಿಸಿದರು. ನಾನು ಕೂರುವ ಮೊದಲೇ ಕಪಾಟಿನ ಕಡೆ ನೋಡಿದೆ. ಯಂತ್ರ ಇದ್ದ ಜಾಗದಲ್ಲಿ ಎರಡು ಅಕ್ಕಿಯ ಸ್ಯಾಂಪಲ್ ಡಬ್ಬಿ ಕೂತಿದ್ದವು.

ಶಾಹೀನಳೂ ನೋಡಿದಳು. ಗುಮಾಸ್ತರನ್ನು ಕೇಳಿದರೆ, ಅದನ್ನು ನಿನ್ನೆ ಧಣಿಗಳು ಅಲ್ಲಿಂದ ತೆಗೆಸಿದರು, ಎಲ್ಲಿಗೆ ಕಳಿಸಿದರೋ ಗೊತ್ತಿಲ್ಲ ಎಂದರು. ಹಳೆ ಯಂತ್ರ ಕೊಳ್ಳುವವರು ಯಾರೋ ಆ ಕಡೆ ಬಂದಿದ್ದರೆಂದೂ ಸೇರಿಸಿದರು. ಹೊರಗೆ ಹಮಾಲರು ಚೀಲ ಎಣಿಸುತ್ತಿದ್ದರು. ನಾವಿಬ್ಬರೂ ಆ ಎಣಿಕೆ ಕೇಳುತ್ತ ಕೂತೆವು.

ರಾವ್ ಬಂದರು. ಮೊಬೈಲು ಭತ್ತದ ರಾಶಿಯಲ್ಲಿ ಬಿದ್ದು ಹೋಗಿತ್ತಂತೆ, ಹುಡುಕಿಸುತ್ತಿದ್ದರು. ನಾನು ಈ ಸಲ ಸುತ್ತಿ ಬಳಸಿ ಮಾತಾಡಲಿಲ್ಲ. “ಆ ಮಷಿನ್ ನಮಗ ಬೇಕಾಗೈತ್ರಿ. ಮೊನ್ನೆ ಬ್ಯಾಡ ಅಂದಿದ್ದು ನನ್ನ ತಪ್ಪು. ಇನ್ನೂ ಐತೇನ್ರಿ?” ಎಂದೆ.

ಅವರು ಸೀದಾ ಒಳಕೋಣೆಗೆ ಹೋದರು. ಬರುವಾಗ ಎರಡೂ ಕೈಯಲ್ಲಿ ಹೊಸ ಅಕ್ಕಿ ಚೀಲವೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಚೀಲದ ಬಾಯಿ ಬಿಚ್ಚಿದಾಗ ಯಂತ್ರ. ಒರೆಸಿ ಮಿರಮಿರ ಮಾಡಿದ್ದರು. ವಯರುಗಳನ್ನು ಸುತ್ತಿ ದಾರ ಕಟ್ಟಿದ್ದರು.

“ನಿನ್ನೇನೇ ಕಟ್ಟಿಸಿಟ್ಟೀನಿ,” ಎಂದರು. “ನೀವು ಬ್ಯಾಡ ಅಂದ್ರಿ ಮೇಡಂಗಾರು. ಈ ಹುಡುಗಿ ಅನ್ನಲಿಲ್ಲ. ಆಕಿ ಕಣ್ಣು ಇದರ ಮ್ಯಾಲೇ ಇತ್ತು. ಬಂದೇ ಬರ್ತಾಳ ಅಂತ ನಮ್ಮ ಮನೆಯಾಕಿಗೆ ಹೇಳಿದ್ದೆ.”

ಶಾಹೀನ ಮೇಜಿನ ಮೇಲೆ ಯಂತ್ರ ಇಟ್ಟು ಗುಂಡಿ ಒತ್ತಿದಳು. ಅದು ಗುಂಯ್ ಎಂದು ಗಾಳಿ ಎಳೆಯತೊಡಗಿತು. ಅವಳು ಅದರ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ರಾವ್ ಒಪ್ಪಿಗೆಯ ಸಾಲು ಬರೆಸಿ ಸಹಿ ಮಾಡಿದರು. ಮನೆಯಿಂದ ಪೆಸರಟ್ಟು ಬಂತು. ಎರಡನೆಯದು ಬಂದಾಗ ನಾನು ತಟ್ಟೆ ಮುಂದೆ ಮಾಡಿದೆ, ಮೂರನೆಯದನ್ನು ಕೇಳಿಯೇ ಹಾಕಿಸಿಕೊಂಡೆ.

ಹನ್ನೊಂದೂವರೆಗೆ ಕೊಪ್ಪಳದ ಬಸ್ಸು ಸಿಕ್ಕಿತು. ಹಿಟ್ನಾಳದ ಮೇಲೆ ಸುತ್ತಿ ಹೋಗುವ ಬಸ್ಸು, ಆದರೆ ಸೀಟು ಖಾಲಿಯಿತ್ತು. ಚೀಲವನ್ನು ಶಾಹೀನ ತೊಡೆಯ ಮೇಲಿಟ್ಟುಕೊಂಡಳು. ಕಂಡಕ್ಟರು ಹೆಣ್ಣುಮಗಳು, ಚುರುಕಾಗಿದ್ದಳು. ನಮ್ಮಿಬ್ಬರಿಗೂ ಸೊನ್ನೆ ಟಿಕೆಟ್ಟು ಹರಿದು, ಚೀಲವನ್ನು ಬೆರಳಿನಿಂದ ತಟ್ಟಿದಳು. “ಅಕ್ಕಿ ಏನ್ರಿ?” ಯಂತ್ರ ಎಂದೆ. ಚೀಲದೊಳಗೆ ಇಣುಕಿ ನೋಡಿ, “ಹೆಣ್ಮಕ್ಕಳಿಗೆ ಫ್ರೀ. ಮಷಿನ್‌ಗ ಲಗೇಜ್ ಆಗತೈತ್ರಿ,” ಎಂದಳು. ಮೂರು ದಿನ ಜಿಲ್ಲೆಯೆಲ್ಲ ಸುತ್ತಿದ ನಮಗೆ ಒಂದು ರೂಪಾಯಿ ಟಿಕೆಟ್ಟು ಬಿದ್ದಿರಲಿಲ್ಲ. ಆ ಯಂತ್ರಕ್ಕೆ ಬಿತ್ತು. ಅಷ್ಟು ಸಂತೋಷದಿಂದ ನಾನು ಬಸ್ಸಿನಲ್ಲಿ ಯಾವತ್ತೂ ದುಡ್ಡು ಕೊಟ್ಟಿರಲಿಲ್ಲ. ಶಾಹೀನ ಆ ಟಿಕೆಟ್ಟನ್ನು ಮಡಚಿ ತನ್ನ ಮೊಬೈಲ್ ಕವರಿನಲ್ಲಿಟ್ಟುಕೊಂಡಳು. ಆಮೇಲೆ ಹೊಸಪೇಟೆಯ ಶಾಲೆಯವರಿಗೆ ಫೋನು ಮಾಡಿ, ಕರೆದದ್ದಕ್ಕೆ ಉಪಕಾರ, ಬರಲಾಗುವುದಿಲ್ಲ ಎಂದು ಹೇಳಿದಳು. ಹಿಟ್ನಾಳದ ಹತ್ತಿರ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಆ ಮಾತನ್ನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಇನ್ನಷ್ಟು ಗಟ್ಟಿಯಾಗಿ ಹೇಳಿದಳು.

ಒಪ್ಪಿಗೆಯ ಎರಡೂ ಕಾಗದಗಳ ಚಿತ್ರ ತೆಗೆದು ಬಸ್ಸಿನಿಂದಲೇ ಬೆಂಗಳೂರಿಗೆ ಕಳಿಸಿದಳು. ಭಾಗ್ಯನಗರದಲ್ಲಿ ಇಳಿಯುವಷ್ಟರಲ್ಲಿ ಉತ್ತರ ಬಂತು: ತಲುಪಿದೆ, ಸರಿಯಾಗಿದೆ, ಮುಂದಿನ ಕೆಲಸ ಶುರು ಮಾಡಬಹುದು. ಅವಳು ಅದನ್ನು ನನಗೆ ತೋರಿಸಿ, ನಾನು ಓದಿ ಮುಗಿಸಿದ ಮೇಲೆ ಮತ್ತೆ ತಾನೊಮ್ಮೆ ಓದಿದಳು.

ಅವಳ ಮನೆಯ ಪಡಸಾಲೆಯಲ್ಲಿ ಅಮ್ಮಿ ಮತ್ತು ಇಬ್ಬರು ನೆರೆಯವರು ಕೂದಲಿನ ಗಂಟುಗಳ ನಡುವೆ ಕೂತಿದ್ದರು. ಮೂವರ ಮೂಗಿಗೂ ಬಟ್ಟೆ. ಕಿಟಕಿಯ ಸಂದಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಶಾಹೀನ ಚಪ್ಪಲಿ ಬಿಟ್ಟವಳೇ ಆ ಕೋಲಿನ ಪಕ್ಕದಲ್ಲಿ ಯಂತ್ರ ಇಟ್ಟು, ಪ್ಲಗ್ಗು ಹುಡುಕತೊಡಗಿದಳು. ಅಮ್ಮಿ ಅದನ್ನೂ ಅಕ್ಕಿಯ ಚೀಲವನ್ನೂ ಒಂದೊಂದು ಸಲ ನೋಡಿ, ಮೂಗಿನ ದುಪಟ್ಟಾ ಕೆಳಗಿಳಿಸಿದಳು.

“ಮೂರ ದಿನಾ ಆತು ನೀವ್ ಹೋಗಿ. ಊಟ ಮಾಡ್ಕೊಂಡ ಹೋಗ್ರಿ ಅಕ್ಕೋರ.”

ನಮ್ಮ ಮನೆಯಲ್ಲಿ ಅಡಿಗೆಯಾಗಿತ್ತು, ಮೂರು ಪೆಸರಟ್ಟು ಇನ್ನೂ ಹೊಟ್ಟೆಯಲ್ಲಿದ್ದವು. ಶಾಹೀನ ಪ್ಲಗ್ಗು ಹಿಡಿದುಕೊಂಡೇ ತಿರುಗಿ ನನ್ನ ಮುಖ ನೋಡಿದಳು.

“ಹೂಂ,” ಎಂದು ಚೀಲ ಇಳಿಸಿ ಕೂತೆ.